ಹಳೇ ಕಿಂಗ್ ಸೀಕೊ ಕ್ರೋನೋಮೀಟರ್: ಜಪಾನಿಗೆ ಕಳಿಸಲಾ, ಇಲ್ಲೇ ಬಿಚ್ಚಿಸಲಾ?

ಚಾವಿ_ಮರೆತವ: ಜಪಾನಿನ ಹರಾಜಿನಲ್ಲಿ ಕಿಂಗ್ ಸೀಕೊ 5626 ಮಾಡೆಲಿನ ಕ್ರೋನೋಮೀಟರ್ (ನಿಖರತೆಯ ಪರೀಕ್ಷೆ ಪಾಸಾದ ಕೈಗಡಿಯಾರ) ಸಿಕ್ಕಿತು. ದಿನಕ್ಕೆ 40 ಸೆಕೆಂಡು ಮುಂದೆ ಓಡುತ್ತಿದೆ. ಕ್ರೌನ್ (ಪಕ್ಕದ ಗುಂಡಿ) ತಿರುಗಿಸಿದರೆ ತಾರೀಖು ಕದಲುತ್ತಿಲ್ಲ. ಬೆಂಗಳೂರಲ್ಲೇ ಸರ್ವಿಸ್ ಮಾಡಿಸಲಾ? ಅನುಭವ ಇದ್ದವರು ಹೇಳಿ.

ಮೂವತ್ತಾರು_ಸಾವಿರ: ನನ್ನದು ಕಿಂಗ್ ಸೀಕೊದ್ದೇ 45 ಸೀರೀಸ್, ಕೀಲಿ ಕೊಡುವಂಥದ್ದು. ಸೆಕೆಂಡಿಗೆ 10 ಬಡಿತ, ಕಿವಿಗೆ ಹಿಡಿದರೆ ಟಿಕ್ ಟಿಕ್ ಅಲ್ಲ, ಝರ್ರ್ ಅನ್ನುತ್ತದೆ. ತೆಗೆದುಕೊಂಡಿದ್ದು 62,000ಕ್ಕೆ. ಜಪಾನಿಗೇ ಕಳಿಸಿದೆ. ಸರ್ವಿಸ್ 38,000, ಹೋಗಿ ಬರೋ ಕೊರಿಯರ್ 9,500. ವಾಪಸ್ ಬರುವಾಗ ಹೊಸ ವಾಚು ಅಂತ ಕಸ್ಟಮ್ಸ್‌ನಲ್ಲಿ 11,200 ಕಟ್ಟಿಸಿಕೊಂಡರು. ನನ್ನದೇ ವಾಚಿಗೆ ಎರಡನೇ ಸಲ! ಐದು ತಿಂಗಳು ಕಾದೆ. ಈಗ ದಿನಕ್ಕೆ 3 ಸೆಕೆಂಡು. ಒಂದು ಪೈಸೆ ದಂಡ ಅನಿಸಿಲ್ಲ.

ತುಮಕೂರು_ಹುಡುಗ: ಹತ್ತಿರ ಹತ್ತಿರ ಇನ್ನೊಂದು ವಾಚಿನ ದುಡ್ಡು ಸುರಿದು ಸಮಾಧಾನ ಮಾಡಿಕೊಳ್ತಿದ್ದೀರಿ ಅಷ್ಟೆ. ಎಚ್‌ಎಂಟಿ ವಾಚು ಶುರುವಾಗಿದ್ದೇ 1961ರಲ್ಲಿ ಜಪಾನಿನ ಸಿಟಿಜನ್ ಕೈಹಿಡಿದು. ನಮ್ಮಪ್ಪ ಅಲ್ಲೇ ಇದ್ದವರು. ಅವರ ಜೊತೆಗಾರರೊಬ್ಬರು ನನ್ನ ಸಿಟಿಜನ್ ಕ್ರೋನೋಮೀಟರ್ ಬಿಚ್ಚಿ, ತೊಳೆದು, ಎಣ್ಣೆ ಹಾಕಿ 1,800 ತೆಗೆದುಕೊಂಡರು. ಕಾಫಿ ಅವರದ್ದೇ. ದಿನಕ್ಕೆ 8 ಸೆಕೆಂಡು ಮುಂದೆ.

ಮೂವತ್ತಾರು_ಸಾವಿರ: ಎಚ್‌ಎಂಟಿ ಜನತಾ ಬಿಚ್ಚಿದ ಕೈಗೆ ಇಂಥ ವೇಗವಾಗಿ ಬಡಿಯೋ ಹೈಬೀಟ್ ವಾಚು ಕೊಡ್ತೀರಾ? ಆ ವೇಗಕ್ಕೆ ಎಸ್ಕೇಪ್ ವೀಲಿನ (ಬಡಿತಕ್ಕೊಮ್ಮೆ ಹೆಜ್ಜೆ ಹಾಕೋ ಹಲ್ಲುಚಕ್ರದ) ಎಣ್ಣೆ ಸಿಡಿದು ಹೋಗುತ್ತದೆ. ಅದು ಗೊತ್ತಾ?

ತುಮಕೂರು_ಹುಡುಗ: ಅವರು ಐ-ಗ್ಲಾಸ್ ಹಾಕಿದಾಗ ನೀವು ಹುಟ್ಟಿರಲಿಲ್ಲ. ಜನತಾ ಸುದ್ದಿಗೆ ಬರಬೇಡಿ.

ಸೋತ_ಮುಳ್ಳು: ನನ್ನ ಕಥೆ ಕೇಳಿ. 56 ಸೀರೀಸಿನ (5626 ಕೂಡ ಅದರದ್ದೇ) ತಾರೀಖು ತಿರುಗಿಸೋ ಪ್ಲಾಸ್ಟಿಕ್ ಚಕ್ರ ಸೀಳುವುದು ಎಲ್ಲರಿಗೂ ಗೊತ್ತಿರೋದೇ, ಅಲ್ವಾ. ಅದೊಂದಕ್ಕೆ 14,000 ಕೊಟ್ಟು ಇನ್ನೊಂದು ಕೆಟ್ಟ ವಾಚು ತರಿಸಿದೆ. ಅದರದ್ದೂ ಸೀಳಿತ್ತು! ಮತ್ತೊಂದು, 9,500. ಅದು ನಾಲ್ಕು ತಿಂಗಳು ಬಂತು. ಈಗ ಮುಳ್ಳನ್ನೇ ಸುತ್ತಿಸಿ ತಾರೀಖು ಹಿಡಿಯುತ್ತೇನೆ. 31 ಇಲ್ಲದ ತಿಂಗಳು ಬಂದರೆ ಹೆಂಡತಿ ನಗುತ್ತಾಳೆ. ಅದಿರಲಿ, ರಿಪೇರಿಗೆ ಕೊಟ್ಟ ಅಂಗಡಿಯವನು ಕೇಳದೇ ಪಾಲಿಶ್ ಮಾಡಿದ. ಕತ್ತಿ ಅಂಚಿನ ಲಗ್ಸ್ (ಪಟ್ಟಿ ಸಿಕ್ಕಿಸೋ ಕೊಂಬುಗಳು) ತೇದ ಸೋಪಿನ ಹಾಗಾದವು. ವಾಚಿನ ಹಿಂಬದಿಯ ಮುಚ್ಚಳದಲ್ಲಿ ಚಿನ್ನದ ಮೆಡಾಲಿಯನ್ (ಲಾಂಛನದ ಬಿಲ್ಲೆ) ಇದ್ದ ಜಾಗದಲ್ಲಿ ಬರೀ ಒಣಗಿದ ಗೋಂದು. "ಬರುವಾಗಲೇ ಇರಲಿಲ್ಲ ಸಾರ್" ಅಂದ.

ಮೂವತ್ತಾರು_ಸಾವಿರ: ಬೇರೆ ವಾಚಿನ ಭಾಗ ಹಾಕಿದ ಮೇಲೆ ಅದು ಕ್ರೋನೋಮೀಟರ್ ಅಲ್ಲ, ಫ್ರಾಂಕನ್. ಅಂದ್ರೆ ಕಂಡಕಂಡ ವಾಚಿನ ಭಾಗ ಸೇರಿಸಿದ್ದು.

ಸೋತ_ಮುಳ್ಳು: ತಾರೀಖಿನ ಚಕ್ರಕ್ಕೂ ಸಮಯ ಹಿಡಿಯೋ ಬ್ಯಾಲೆನ್ಸ್ ಚಕ್ರಕ್ಕೂ ಏನ್ರೀ ಸಂಬಂಧ? 1,20,000 ಸುರಿದವರಿಗೆ ಎಲ್ಲಾ ಫ್ರಾಂಕನ್ನೇ.

ತುಮಕೂರು_ಹುಡುಗ: ಮೆಡಾಲಿಯನ್ ಹೋಗಿದ್ದು ಅಂಗಡಿಯವನ ತಪ್ಪು ಅಂತ ಹೇಗೆ ಹೇಳ್ತೀರಿ? ಕೊಡೋ ಮೊದಲು ಫೋಟೋ ತೆಗೆದಿದ್ರಾ?

ಸೋತ_ಮುಳ್ಳು: ಅವನು ನಿಮಗೆ ಸಂಬಂಧವಾ?

ಚಾವಿ_ಮರೆತವ: ಸಾರ್, ಹಾಗಾದ್ರೆ ನಾನು ಕಳಿಸಲಾ, ಬೇಡ್ವಾ?

ಮೂವತ್ತಾರು_ಸಾವಿರ: ಮೊದಲು ಹಿಂಬದಿಯ ಫೋಟೋ ಹಾಕಿ. ಮೆಡಾಲಿಯನ್ ಇದೆಯಾ?