ಮುಂಜಾನೆ ಬಂದ ಹುರುಪು ಮಧ್ಯಾಹ್ನಕ್ಕೆ ಎಲ್ಲಿ ಹೋಗುತ್ತೆ? ರೊಟ್ಟಿ ವ್ಯಾಪಾರ ಮಾಡೋರ ಪ್ರಶ್ನೆ, ಆಪ್ತಸಮಾಲೋಚಕರ ಉತ್ತರ

ಪ್ರಶ್ನೆ (ಹುಬ್ಬಳ್ಳಿಯಿಂದ):

ಮೇಡಂ ನಮಸ್ಕಾರ ರೀ. ನಾನು ಮನ್ಯಾಗ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಮಾಡಿ ಅಂಗಡಿಗೋಳಿಗೆ ಹಾಕ್ತೀನಿ, ಇಬ್ಬರು ಹೆಣ್ಣಮಕ್ಕಳು ಕೆಲಸಕ್ಕ ಬರ್ತಾರ. ಸುರು ಮಾಡಿದಾಗ ಎಷ್ಟು ಹುರುಪಿತ್ತಂದ್ರ ನಸುಕಿನ್ಯಾಗ ಎದ್ದು ಹಿಟ್ಟು ನಾದಾಕ ಕುಂದರ್ತಿದ್ದೆ. ಈಗ ಎರಡು ವರ್ಷ ಆತು, ಹಂಚಿನ ಮುಂದ ಕುಂತ್ರ ಯಾಕರ ಬೇಕಿತ್ತು ಇದು ಅನಸ್ತದ. ದಿನಾ ಮುಂಜಾನೆ ಮೋಟಿವೇಶನ್ ವಿಡಿಯೋ ನೋಡ್ತೀನಿ, ನೋಡುಮುಂದ ಭಾಳ ಛಲೋ ಅನಸ್ತದ, ಮಧ್ಯಾಹ್ನ ಅನ್ನೋದ್ರಾಗ ಎಲ್ಲಾ ಹೋಗಿರ್ತದ. "ನನ್ನ ರೊಟ್ಟಿ ಇಡೀ ಕರ್ನಾಟಕಕ್ಕ" ಅಂತ ಬರದು ಗ್ವಾಡಿಗೆ ಹಚ್ಚೀನಿ, ಅದನ್ನ ನೋಡಿದ್ರ ಈಗ ಸಂಕಟ ಆಗ್ತದ. ಅಂಗಡಿಯವ್ರು ಎರಡೆರಡು ತಿಂಗಳು ರೊಕ್ಕ ಕೊಡೂದಿಲ್ಲ. ಇದರ ಮ್ಯಾಲೆ ಮುಕ್ತ ವಿವಿಯಾಗ ಬಿ.ಕಾಂ ಕಟ್ಟೀನಿ, ಪುಸ್ತಕ ತೆರದೇ ಇಲ್ಲ. ಮನ್ಯಾಗ "ಇಷ್ಟು ಬಡದಾಡಿ ಏನ್ ಉಳೀತು ಹೇಳು" ಅಂತಾರ, ನನ್ನ ಕಡೆ ಉತ್ತರ ಇಲ್ಲ. ಪಾಸಿಟಿವ್ ಆಗಿ ಇರೂದು ಹೆಂಗ್ರಿ?

ಉತ್ತರ:

ನಮಸ್ಕಾರ ಅಕ್ಕ. ನಿಮ್ಮ ಪ್ರಶ್ನೆ ಓದಿದ ತಕ್ಷಣ ನನ್ನ ಕಣ್ಣು ನಿಂತಿದ್ದು ಕೊನೆ ಸಾಲಿನ ಮೇಲಲ್ಲ, ಅದಕ್ಕಿಂತ ಮುಂಚಿನ ಸಾಲಿನ ಮೇಲೆ. "ಏನ್ ಉಳೀತು" ಅಂದ್ರೆ ಉತ್ತರ ಇಲ್ಲ ಅಂದ್ರಲ್ಲ, ಅಲ್ಲಿಂದಲೇ ಶುರು ಮಾಡೋಣ, ಯಾಕಂದ್ರೆ ಹುರುಪು ಅನ್ನೋದು ಮನಸ್ಸಿನ ಮೇಲೆ ಸುರಿದುಕೊಳ್ಳೋ ವಸ್ತು ಅಲ್ಲ, ನಾನು ಮಾಡಿದ ಕೆಲಸದಿಂದ ಏನಾಯ್ತು ಅಂತ ನಂಗೇ ಕಾಣಿಸ್ತಾ ಇದ್ರೆ ಅದು ತಾನಾಗಿ ಬರ್ತಾ ಇರುತ್ತೆ, ಕಾಣಿಸೋದು ನಿಂತ್ರೆ ಎಂಥವರಿಗೂ ಇಳಿದು ಹೋಗುತ್ತೆ. ನೀವು ಸೋಮಾರಿ ಅಲ್ಲ, ನೆಗೆಟಿವ್ ಮನುಷ್ಯಳೂ ಅಲ್ಲ. ಎರಡು ವರ್ಷ ಒಲೆ ಮುಂದೆ ಕೂತು ದುಡಿದಿದ್ದೀರ, ಆ ದುಡಿಮೆ ಎಲ್ಲಿ ಹೋಯ್ತು ಅಂತ ನಿಮಗೆ ಕಾಣ್ತಿಲ್ಲ, ಅಷ್ಟೇ.

ಸ್ವಉದ್ಯೋಗ ತರಬೇತಿಗಳಲ್ಲಿ ನಾವು ಒಂದು ಆಟ ಆಡಿಸ್ತೀವಿ. ನೆಲಕ್ಕೆ ಒಂದು ಗೂಟ, ಕೈಗೆ ಕೆಲವು ರಿಂಗು, ಎಷ್ಟು ದೂರದಿಂದ ಬೇಕಾದ್ರೂ ಎಸೀಬಹುದು, ದೂರ ಹೋದಷ್ಟೂ ಪಾಯಿಂಟ್ ಜಾಸ್ತಿ. ಕೆಲವರು ಗೂಟದ ಪಕ್ಕದಲ್ಲೇ ನಿಂತು ಹಾಕ್ತಾರೆ, ಕೆಲವರು ಗೋಡೆಗೆ ಬೆನ್ನು ಹಚ್ಚಿ ಎಸೆದು ಬಿದ್ರೆ ಬಿತ್ತು ಅಂತಾರೆ. ಇನ್ನು ಕೆಲವರು ಮಧ್ಯೆ ಎಲ್ಲೋ ನಿಂತು ಎಸೆದು, ರಿಂಗ್ ಎಲ್ಲಿ ಬಿತ್ತು ಅಂತ ನೋಡಿ, ಒಂದು ಹೆಜ್ಜೆ ಹಿಂದೆ ಮುಂದೆ ಆಗಿ ಮತ್ತೆ ಎಸೀತಾರೆ. ಈ ಆಟದ ಹಿಂದಿರೋ ಹೆಸರು ಹಾರ್ವರ್ಡ್‌ನ ಮನಶ್ಶಾಸ್ತ್ರಜ್ಞ ಡೇವಿಡ್ ಮೆಕ್ಲೆಲ್ಯಾಂಡ್ ಅವರದ್ದು. 1960ರ ದಶಕದಲ್ಲಿ ಅವರು ಹೈದರಾಬಾದಿನ ಸಣ್ಣ ಕೈಗಾರಿಕೆ ತರಬೇತಿ ಸಂಸ್ಥೆ ಜೊತೆ ಸೇರಿ ಆಂಧ್ರದ ಕಾಕಿನಾಡದ ವ್ಯಾಪಾರಸ್ಥರಿಗೆ ತರಬೇತಿ ಕೊಡಿಸಿದ್ರು, ಆಮೇಲೆ ಹೋಗಿ ನೋಡಿದಾಗ ತರಬೇತಿ ತಗೊಂಡವರು ತಗೊಳ್ಳದವರಿಗಿಂತ ಹೆಚ್ಚು ಚುರುಕಾಗಿದ್ರು, ಹೊಸ ಬಂಡವಾಳ ಹಾಕಿದ್ರು, ಜಾಸ್ತಿ ಜನಕ್ಕೆ ಕೆಲಸ ಕೊಟ್ಟಿದ್ರು. ಅವರು ಹೇಳಿದ ಮಾತು ಎರಡೇ: ಗುರಿ ಸ್ವಲ್ಪ ಕಷ್ಟ ಇರ್ಬೇಕು ಆದ್ರೆ ಕೈಗೆ ಎಟುಕೋ ಹಂಗಿರ್ಬೇಕು, ಮತ್ತೆ ರಿಂಗ್ ಎಲ್ಲಿ ಬಿತ್ತು ಅನ್ನೋದು ಎಸೆದವರಿಗೆ ಕಾಣ್ಬೇಕು.

ಈಗ ನಿಮ್ಮ ಗೋಡೆ ಮೇಲಿನ ಚೀಟಿ ನೋಡಿ. "ಇಡೀ ಕರ್ನಾಟಕಕ್ಕ". ಇವತ್ತು ಸಂಜೆ ಒಲೆ ಆರಿಸಿದಾಗ ಆ ಗುರಿಗೆ ಹತ್ರ ಬಂದ್ರಾ ದೂರ ಹೋದ್ರಾ ಅಂತ ಹೇಳೋಕೆ ಏನಾದ್ರೂ ದಾರಿ ಇದ್ಯಾ? ಇಲ್ಲ. ಹಾಗಾಗಿ ಪ್ರತಿ ದಿನಾನೂ ಸೋತಂಗೇ ಅನ್ಸುತ್ತೆ. ಆಸೆ ಬಿಡಿ ಅಂತ ನಾನು ಹೇಳ್ತಿಲ್ಲ, ಆ ಚೀಟಿ ಇನ್ನೊಂದು ಕೋಣೆಗೆ ಹೋಗಲಿ. ಒಲೆ ಎದುರಿಗೆ ಈ ಮೂರು ತಿಂಗಳದ್ದು ಒಂದು ಬರೀರಿ, ಉದಾಹರಣೆಗೆ "ಕೈಗೆ ಕೈ ರೊಕ್ಕ ಕೊಡೋ ಗಿರಾಕಿ ವಾರಕ್ಕ ಇಬ್ಬರು ಹೊಸಬರು". ಮನೆ ಗಿರಾಕಿ, ಪಿಜಿ, ಮೆಸ್, ಮದುವೆ ಆರ್ಡರ್, ಯಾವುದಾದ್ರೂ ಸರಿ. ಸಂಜೆ ನೋಡಿದ್ರೆ ಬಂದ್ರಾ ಇಲ್ವಾ ಅಂತ ಗೊತ್ತಾಗುತ್ತೆ.

ಇದಕ್ಕಿಂತ ಮುಖ್ಯ ಲೆಕ್ಕ. ಒಂದು ದಿನದ ರೊಟ್ಟಿ ತಗೊಂಡು ಕೂತ್ಕೊಳ್ಳಿ. ಜೋಳ ಎಷ್ಟು ಕೆಜಿ, ಗಿರಣಿಯಲ್ಲಿ ಬೀಸಿದ ಕೂಲಿ, ಗ್ಯಾಸ್, ಇಬ್ಬರ ಪಗಾರ, ಪ್ಯಾಕಿಂಗ್ ಕವರ್, ಅಂಗಡಿಗೆ ಮುಟ್ಟಿಸೋ ಆಟೋ ಅಥವಾ ಪೆಟ್ರೋಲ್. ಇಷ್ಟು ಎಲ್ಲರೂ ಬರೀತಾರೆ. ಬರೆಯದೇ ಬಿಡೋದು ಎರಡು. ಒಂದು, ಮುರಿದ ರೊಟ್ಟಿ. ಖಡಕ್ ರೊಟ್ಟಿ ಒಣಗಿಸೋವಾಗ ಒಂದಿಷ್ಟು, ಕಟ್ಟೋವಾಗ ಒಂದಿಷ್ಟು, ಆಟೋದಲ್ಲಿ ಒಂದಿಷ್ಟು ಮುರಿಯುತ್ತೆ, ಅಂಗಡಿಯವರು ಮುರಿದ ಕಟ್ಟು ವಾಪಸ್ ಕಳಿಸ್ತಾರೆ, ಅದು ಮನೆಯವರ ತಟ್ಟೆಗೆ ಹೋಗುತ್ತೆ, ಲೆಕ್ಕಕ್ಕೆ ಬರಲ್ಲ. ಎರಡು, ನಿಮ್ಮ ಸ್ವಂತ ಕೂಲಿ. ಕೆಲಸಕ್ಕೆ ಬರೋ ಹೆಣ್ಣುಮಗಳಿಗೆ ದಿನಕ್ಕೆ ಎಷ್ಟು ಕೊಡ್ತೀರೋ ಕನಿಷ್ಠ ಅಷ್ಟನ್ನ ನಿಮ್ಮ ಹೆಸರಲ್ಲೂ ಖರ್ಚಿಗೆ ಹಾಕಿ. ಆಮೇಲೆ ಒಂದು ರೊಟ್ಟಿಗೆ ಎಷ್ಟು ಬಿತ್ತು, ಎಷ್ಟಕ್ಕೆ ಮಾರ್ತಿದ್ದೀರ ನೋಡಿ. ಇದೇ ಲೆಕ್ಕ ಚಟ್ನಿಗೂ ಬೇರೆ ಮಾಡಿ. ಚಟ್ನಿ ಮುರಿಯಲ್ಲ, ಬಹಳ ಮನೆಗಳಲ್ಲಿ ರೊಟ್ಟಿ ಹೆಸರು ತರುತ್ತೆ, ದುಡ್ಡು ಚಟ್ನಿ ತರುತ್ತೆ. ನಿಮ್ಮಲ್ಲಿ ಹೇಗೆ ಅಂತ ಲೆಕ್ಕನೇ ಹೇಳ್ಬೇಕು. ಉಳಿತಾಯ ಕಡಿಮೆ ಬಂದ್ರೂ ಹೆದರ್ಬೇಡಿ, ಮುಂದಿನ ಸಲ ಮನೆಯವರು ಕೇಳಿದಾಗ "ರೊಟ್ಟಿಯೊಳಗ ಇಷ್ಟ, ಚಟ್ನಿಯೊಳಗ ಇಷ್ಟ, ಬಾಕಿ ಬರೂದು ಇಷ್ಟ" ಅಂತ ಹೇಳೋಕಾದ್ರೆ ಆ ಮಾತಿನ ಚುಚ್ಚು ಅರ್ಧ ಇಳಿಯುತ್ತೆ.

ವಿಡಿಯೋ ವಿಚಾರ. ಮುಂಜಾನೆ ಏರಿ ಮಧ್ಯಾಹ್ನ ಇಳಿಯೋದು ನಿಮ್ಮೊಬ್ಬರಿಗೆ ಅಲ್ಲ. ಗೇಬ್ರಿಯೆಲ್ ಓಟಿಂಗನ್ ಅನ್ನೋ ಮನಶ್ಶಾಸ್ತ್ರಜ್ಞೆ ತೂಕ ಇಳಿಸೋ ಕಾರ್ಯಕ್ರಮಕ್ಕೆ ಸೇರಿದ ಹೆಂಗಸರನ್ನ ಗಮನಿಸಿ 1991ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ರು, ಅದರಲ್ಲಿ ತೆಳ್ಳಗಾದ ತಮ್ಮನ್ನ ಬಹಳ ಸೊಗಸಾಗಿ ಕನಸು ಕಂಡವರೇ ಕಡಿಮೆ ತೂಕ ಇಳಿಸಿದ್ರು. "ನನ್ನ ಕೈಲಿ ಆಗುತ್ತೆ" ಅನ್ನೋ ನಂಬಿಕೆ ಇದ್ದವರು ಜಾಸ್ತಿ ಇಳಿಸಿದ್ರು, ಅದು ಬೇರೆ. ಬರೀ ಗೆದ್ದ ಚಿತ್ರ ನೋಡ್ತಾ ಕೂತ್ರೆ ಮನಸ್ಸು ಅರ್ಧ ಗೆದ್ದೇಬಿಟ್ಟೆ ಅಂತ ಸಡಿಲ ಆಗುತ್ತೆ. ಅದಕ್ಕೆ ಅವರು ಹೇಳೋದು, ಆಸೆ ಪಕ್ಕದಲ್ಲೇ ಅಡ್ಡಿನೂ ಇಟ್ಕೊಳ್ಳಿ, ಅಡ್ಡಿ ಬಂದಾಗ ಏನ್ ಮಾಡ್ತೀನಿ ಅಂತ ಮೊದಲೇ ತೀರ್ಮಾನ ಮಾಡಿ. "ಅಂಗಡಿಯವರು ಮುಂದಿನ ವಾರ ಅಂದ್ರ, ನಾನು ಅಲ್ಲೇ ನಿಂತು ತಾರೀಖು ಬರಸ್ಕೊಂಡು ಬರ್ತೀನಿ." ಇಷ್ಟು ಗಟ್ಟಿ ಇರ್ಬೇಕು, "ಧೈರ್ಯದಿಂದ ಮಾತಾಡ್ತೀನಿ" ಅಂದ್ರೆ ಸಾಲಲ್ಲ.

ಬಿ.ಕಾಂ. ಬಗ್ಗೆ ಸಣ್ಣದಾಗಿ ಹೇಳ್ತೀನಿ. ರಾತ್ರಿ ಎರಡು ಗಂಟೆ ಓದ್ತೀನಿ ಅನ್ನೋ ಟೈಮ್ ಟೇಬಲ್ ಬೇಡ, ಕೆಲಸದವರು ಹೋದ ತಕ್ಷಣ, ಮೈ ತೊಳೆಯೋಕೆ ಮುಂಚೆ, ಹತ್ತು ನಿಮಿಷ, ಅದೇ ಜಾಗ, ಅದೇ ಪುಸ್ತಕ. ಲಂಡನ್‌ನ ಯೂನಿವರ್ಸಿಟಿ ಕಾಲೇಜಿನವರು ಅಭ್ಯಾಸ ಕೂರೋಕೆ ಎಷ್ಟು ದಿನ ಬೇಕು ಅಂತ ನೋಡಿದಾಗ ಸರಾಸರಿ 66 ದಿನ ಬಂತು, ಆದ್ರೆ ಕೆಲವರಿಗೆ 18, ಕೆಲವರಿಗೆ 254 ದಿನದ ಅಂದಾಜು. 21 ದಿನ ಅಂತ ವಿಡಿಯೋದವರು ಹೇಳೋದನ್ನ ನಂಬಿ ಇಪ್ಪತ್ತೆರಡನೇ ದಿನ ನನ್ನ ಕೈಲಾಗಲ್ಲ ಅನ್ನೋರು ಬಹಳ ಇದ್ದಾರೆ, ನಂಗೆ ಇದು ಕೇಳಿದ್ರೆ ನಿಜವಾಗ್ಲೂ ಬೇಜಾರಾಗುತ್ತೆ. ನಡುವೆ ಒಂದು ದಿನ ತಪ್ಪಿದ್ರೆ ಏನೂ ಹಾಳಾಗಲ್ಲ ಅಂತಾನೂ ಅದೇ ಅಧ್ಯಯನದಲ್ಲಿದೆ, ಹಬ್ಬದ ಸೀಸನ್ನಲ್ಲಿ ಬಿಟ್ಟುಹೋದ್ರೆ ಮಾರನೇ ದಿನ ಮತ್ತೆ ಕೂತ್ಕೊಳ್ಳಿ.

ಪ್ರಶ್ನೆ (ದಾವಣಗೆರೆಯಿಂದ):

ಮೇಡಂ ನಾನು ಮೊಬೈಲ್ ರಿಪೇರಿ ಅಂಗಡಿ ಇಟ್ಟಿದೀನಿ. ದಿನಾ ಕನ್ನಡಿ ಮುಂದೆ ನಿಂತು "ನಾನು ಗೆದ್ದೇ ಗೆಲ್ತೀನಿ" ಅಂತ ಹೇಳ್ಕೋತೀನಿ, ನಂಗೆ ಅದ್ರಿಂದ ಒಳ್ಳೇದೇ ಆಗಿದೆ. ನೀವು ಹೇಳೋದು ನೋಡಿದ್ರೆ ಪಾಸಿಟಿವ್ ಥಿಂಕಿಂಗ್ ದಂಡ ಅಂದಂಗಾಯ್ತಲ್ಲ?

ಉತ್ತರ:

ದಂಡ ಅಲ್ಲ ಸರ್, ನಿಮಗೆ ಅದರಿಂದ ಶಟರ್ ಬೇಗ ತೆಗೆಯೋಕೆ ಆಗ್ತಿದ್ರೆ ಖಂಡಿತ ಮುಂದುವರಿಸಿ. ಅದೊಂದೇ ಸಾಕು ಅಂದ್ಕೊಂಡ್ರೆ ಕಷ್ಟ. ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರಾ 1977ರಲ್ಲಿ, ನನ್ನ ಕೈಲಿ ಆಗುತ್ತೆ ಅನ್ನೋ ನಂಬಿಕೆ ಎಲ್ಲಿಂದ ಬರುತ್ತೆ ಅಂತ ಬರೆದಾಗ ಎಲ್ಲಕ್ಕಿಂತ ಗಟ್ಟಿ ಅಂತ ಹೇಳಿದ್ದು ನಾವೇ ಮಾಡಿ ಗೆದ್ದ ಅನುಭವವನ್ನ. ನಮ್ಮಂಥವರೇ ಮಾಡಿದ್ದನ್ನ ಕಣ್ಣಾರೆ ನೋಡೋದಕ್ಕೂ ಬಲ ಇದೆ, ಬರೀ ಮಾತಿನ ಪ್ರೋತ್ಸಾಹಕ್ಕೆ ಅಷ್ಟು ಬಾಳಿಕೆ ಇಲ್ಲ. ನಿಮಗೆ ಕನ್ನಡಿಗಿಂತ ಹೆಚ್ಚು ಬಲ ಕೊಡೋದು ಬೇರೆಯವರು ಆಗಲ್ಲ ಅಂತ ವಾಪಸ್ ಕಳಿಸಿದ ಬೋರ್ಡನ್ನ ನೀವು ಸರಿ ಮಾಡಿ ಕೊಟ್ಟ ದಿನ. ಅಂಥವನ್ನ ಒಂದು ಪುಸ್ತಕದಲ್ಲಿ ಬರೆದಿಡಿ, ಗಿರಾಕಿ ಇಲ್ಲದ ದಿನ ತೆಗೆದು ಓದಿ.

ಹುಬ್ಬಳ್ಳಿ ಅಕ್ಕನಿಗೂ ಇದನ್ನೇ ಹೇಳ್ತೀನಿ. ದೊಡ್ಡ ಉದ್ಯಮಿಗಳ ವಿಡಿಯೋ ಬದಲು ನಿಮ್ಮ ಥರನೇ ರೊಟ್ಟಿ ಮಾಡೋರ ಹತ್ರ ಹೋಗಿ ಒಂದು ದಿನ ಕೂತು ಬನ್ನಿ. ಕಲಬುರಗಿಯಲ್ಲಿ ಸ್ವಸಹಾಯ ಸಂಘಗಳ ಹೆಣ್ಣುಮಕ್ಕಳು "ಕಲಬುರಗಿ ರೊಟ್ಟಿ" ಅಂತ ಒಂದೇ ಹೆಸರಲ್ಲಿ ಮಾರ್ತಿದ್ದಾರೆ, 2025ರಲ್ಲಿ ಪ್ರಧಾನಿಗಳ ಮನ್ ಕಿ ಬಾತ್‌ನಲ್ಲೂ ಅವರ ಮಾತು ಬಂತು. ಮುರಿಯೋ ರೊಟ್ಟಿಗೆ, ಬಾಕಿಗೆ ಅವರು ಏನ್ ಮಾಡ್ತಾರೆ ಅಂತ ಕೇಳಿ.

ಪ್ರಶ್ನೆ (ಬೆಂಗಳೂರಿಂದ):

ಕೆಲಸ ಬಿಟ್ಟು ಸ್ವಂತ ಆ್ಯಪ್ ಮಾಡ್ತಾ ಇದೀನಿ ಮೇಡಂ, ಉಳಿತಾಯದ ದುಡ್ಡು ಮುಗೀತಾ ಬಂತು. ಒಂದು ತಿಂಗಳಿಂದ ನಿದ್ದೆ ಸರಿ ಇಲ್ಲ, ಊಟ ಸೇರಲ್ಲ, ಲ್ಯಾಪ್‌ಟಾಪ್ ತೆಗೆದ್ರೆ ಸುಮ್ನೆ ನೋಡ್ತಾ ಕೂತಿರ್ತೀನಿ. ಡಿಸಿಪ್ಲಿನ್ ಹೇಗೆ ತರೋದು?

ಉತ್ತರ:

ತಮ್ಮಾ, ನಿಮಗೆ ನಾನು ಡಿಸಿಪ್ಲಿನ್ ಬಗ್ಗೆ ಈಗ ಏನೂ ಹೇಳಲ್ಲ. ಎರಡು ವಾರಕ್ಕಿಂತ ಜಾಸ್ತಿ ನಿದ್ದೆ, ಊಟ, ಆಸಕ್ತಿ ಮೂರೂ ಹೋಗಿದ್ರೆ ಅದನ್ನ ಮೋಟಿವೇಶನ್ ಕೊರತೆ ಅಂತ ಕರೆಯೋದು ತಪ್ಪು, ಡಾಕ್ಟರ್‌ಗೆ ತೋರಿಸ್ಲೇಬೇಕು. ಇವತ್ತೇ 14416ಕ್ಕೆ ಫೋನ್ ಮಾಡಿ, ಅದು ಟೆಲಿ ಮಾನಸ್, 2022ರಲ್ಲಿ ಶುರುವಾದ ಸರ್ಕಾರಿ ಸಹಾಯವಾಣಿ, ನಮ್ಮ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ, ದುಡ್ಡಿಲ್ಲ, ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡ್ಬಹುದು. ಸಾಯೋ ಯೋಚನೆ ಏನಾದ್ರೂ ಬರ್ತಿದ್ರೆ ಒಬ್ಬರೇ ಇರ್ಬೇಡಿ, ಮನೆಯವರನ್ನೋ ಗೆಳೆಯರನ್ನೋ ಈಗಲೇ ಕರೆಸ್ಕೊಳ್ಳಿ. ಆ್ಯಪ್ ಬಗ್ಗೆ ದೊಡ್ಡ ತೀರ್ಮಾನ, ನಿಲ್ಲಿಸೋದಾಗಲಿ ಸಾಲ ಮಾಡೋದಾಗಲಿ, ನಿದ್ದೆ ಸರಿಹೋಗೋ ತನಕ ತಗೋಬೇಡಿ. ಫೋನ್ ಮಾಡಿದ ಮೇಲೆ ಇಲ್ಲಿ ಒಂದು ಸಾಲು ಹಾಕಿ, ನಾನು ನೋಡ್ತಾ ಇರ್ತೀನಿ.

ಮತ್ತೆ ಹುಬ್ಬಳ್ಳಿಯಿಂದ:

ಮೇಡಂ ರೀ, ನಿನ್ನೆ ರಾತ್ರಿ ಲೆಕ್ಕ ಹಾಕಿದೆ. ನನ್ನ ಕೂಲಿ ಹಿಡದ್ರ ರೊಟ್ಟಿಯೊಳಗ ಭಾಳ ಏನ್ ಉಳಿಯೂದಿಲ್ಲ, ಚಟ್ನಿಯೊಳಗ ಛಲೋ ಅದ. ಆದ್ರ ಬಾಕಿ ರೊಕ್ಕನ ಅಗದೀ ದೊಡ್ಡದದ ರೀ. ಭಾಳ ಬಾಕಿ ಕೊಡಬೇಕಾದ್ದು ಒಂದ ಅಂಗಡಿ, ಅವ್ರು ನಮ್ಮ ಮನೆಯವ್ರ ಪೈಕಿ. ಕೇಳಿದ್ರ ಸಂಬಂಧ ಕೆಡ್ತದ, ಬಿಟ್ರ ನಾ ಮುಳಗ್ತೀನಿ. ಹೆಂಗ ಕೇಳ್ಲಿ?

ಉತ್ತರ:

ಒಂದೇ ರಾತ್ರಿಯಲ್ಲಿ ಲೆಕ್ಕ ಹಾಕಿದ್ರಲ್ಲ ಅಕ್ಕ, ತುಂಬಾ ಖುಷಿ ಆಯ್ತು.

ಸಂಬಂಧಿಕರು ಅಂದ್ಮೇಲೆ ಫೋನ್‌ನಲ್ಲಿ ಬೇಡ, ಅಂಗಡಿಯಲ್ಲಿ ಗಿರಾಕಿ ಎದುರಿಗೂ ಬೇಡ. ಮಧ್ಯಾಹ್ನ ಅಂಗಡಿ ಖಾಲಿ ಇರೋವಾಗ ಹೋಗಿ, ಬಿಲ್‌ಗಳನ್ನ ತಾರೀಖಿನ ಪ್ರಕಾರ ಜೋಡಿಸಿ ಒಂದು ಹಾಳೆಯಲ್ಲಿ ಒಟ್ಟು ಬರೆದು ಕೈಗೆ ಕೊಡಿ. "ಕಾಕಾ, ಜ್ವಾಳದವ್ರಿಗೆ ನಾ ರೊಕ್ಕ ಕೊಡಬೇಕು, ಇವತ್ತ ಅರ್ಧ ಕೊಡ್ರಿ, ಉಳಿದದ್ದಕ್ಕ ತಾರೀಖು ಹೇಳ್ರಿ" ಅನ್ನಿ, ಅಂದು ಸುಮ್ಮನೆ ನಿಂತ್ಕೊಳ್ಳಿ, ಮಧ್ಯೆ ನೀವೇ "ಇರಲಿ ಬಿಡ್ರಿ" ಅಂತ ಮಾತ್ರ ಅನ್ಬೇಡಿ. ಇನ್ಮುಂದೆ ಹಳೇ ಬಿಲ್ ಕೊಟ್ಟ ಮೇಲೆ ಹೊಸ ಮಾಲು, ಇದನ್ನ ಅವರೊಬ್ಬರಿಗೇ ಅಲ್ಲ, ಎಲ್ಲಾ ಅಂಗಡಿಗೂ ಒಂದೇ ನಿಯಮ ಅಂತ ಹೇಳಿ, ಆಗ ಅವರಿಗೂ ಅವಮಾನ ಅನ್ಸಲ್ಲ. ಮೊದಲ ತಿಂಗಳು ಅವರ ಆರ್ಡರ್ ಕಡಿಮೆ ಆಗ್ಬಹುದು, ಆ ಹೊತ್ತಿನಲ್ಲಿ ಕೈಗೆ ಕೈ ರೊಕ್ಕ ಕೊಡೋರಿಗೆ ಚಟ್ನಿ ಜಾಸ್ತಿ ಮಾಡಿ.

ಜೊತೆಗೆ ಉದ್ಯಮ್ ರಿಜಿಸ್ಟ್ರೇಶನ್, ಅಂದ್ರೆ ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡೋ ನೋಂದಣಿ, ಮಾಡ್ಸಿಡಿ, ಆನ್‌ಲೈನ್‌ನಲ್ಲಿ ಆಗುತ್ತೆ, ಸರ್ಕಾರಿ ಪೋರ್ಟಲ್‌ನಲ್ಲಿ ಫೀ ಇಲ್ಲ, ಯಾರಾದ್ರೂ ದುಡ್ಡು ಕೇಳಿದ್ರೆ ಕೊಡ್ಬೇಡಿ. 2006ರ ಎಂಎಸ್‌ಎಂಇ (ಅತಿ ಸಣ್ಣ, ಸಣ್ಣ, ಮಧ್ಯಮ ಉದ್ಯಮಗಳ) ಕಾಯ್ದೆ ಪ್ರಕಾರ ನಿಮ್ಮಂಥ ಸಣ್ಣ ಉತ್ಪಾದಕರಿಗೆ ಮಾಲು ತಗೊಂಡವರು, ಬರವಣಿಗೆಯಲ್ಲಿ ಒಪ್ಪಂದ ಇದ್ರೂ 45 ದಿನ ದಾಟಿಸೋ ಹಂಗಿಲ್ಲ, ಒಪ್ಪಂದ ಇಲ್ದಿದ್ರೆ 15 ದಿನ, ದಾಟಿದ್ರೆ ಬಡ್ಡಿ ಕೊಡ್ಬೇಕು. ದೂರು ಕೊಡೋಕೆ ಸರ್ಕಾರದ ಆನ್‌ಲೈನ್ ಪೋರ್ಟಲ್ಲೂ ಇದೆ. ಕಾಕಾನ ಮೇಲೆ ದೂರು ಕೊಡಿ ಅಂತ ಹೇಳ್ತಿಲ್ಲ, ಆದ್ರೆ ಬಿಲ್ ಮೇಲೆ ಉದ್ಯಮ್ ನಂಬರ್, ಕೆಳಗೆ "ಪಾವತಿ 15 ದಿನದೊಳಗೆ" ಅಂತ ಪ್ರಿಂಟ್ ಇದ್ರೆ ಕೇಳೋ ಕೆಲಸ ಅರ್ಧ ಆ ಬಿಲ್ಲೇ ಮಾಡುತ್ತೆ. ಮುಂದಿನ ಬಿಲ್ ಬುಕ್ ಅಚ್ಚು ಹಾಕ್ಸೋ ಮುಂಚೆ ಒಂದು ಸಲ ಅದರ ಫೋಟೋ ಇಲ್ಲಿ ಹಾಕಿ, ಏನೇನು ಇರ್ಬೇಕು ಅಂತ ನೋಡಿ ಹೇಳ್ತೀನಿ.