ಅಪ್ಪ ಬಿದ್ದಾಗ ನಾನು ಕಲ್ಲಿನ ಹಾಗೆ ನಿಂತೆ, ಯಾಕೆ?

ಹಿರಿಮಗಳು:
ಮೂರು ವಾರದ ಹಿಂದೆ ರಾತ್ರಿ ಅಪ್ಪ ಬಚ್ಚಲಲ್ಲಿ ಜಾರಿ ಬಿದ್ದರು. ಹಣೆಯಿಂದ ರಕ್ತ ಸುರಿಯುತ್ತಿತ್ತು. ನಾನು ಫೋನ್ ಹಿಡಿದುಕೊಂಡು ನಿಂತೇ ಇದ್ದೆ. ದಿನಕ್ಕೆ ಎಷ್ಟೋ ಸಲ ಒತ್ತುವ ಲಾಕ್‌ನ ನಾಲ್ಕು ಅಂಕಿ ನೆನಪಿಗೆ ಬರಲಿಲ್ಲ. ತಮ್ಮ ಓಡಿ ಬಂದ. ಟವೆಲ್ ಮಡಚಿ ಅಪ್ಪನ ಹಣೆಗೆ ಒತ್ತಿ ಹಿಡಿದ. ತನ್ನ ಫೋನಿನಿಂದಲೇ ಆಂಬುಲೆನ್ಸಿಗೆ ಹೇಳಿದ. ಆಮೇಲೆ ನನ್ನ ಕಡೆ ನೋಡಿ, "ಅಕ್ಕಾ, ಮುಂಬಾಗಿಲು ತೆಗೆದಿಡು" ಅಂದ. ಹೋಗಿ ತೆಗೆದೆ. ಆ ರಾತ್ರಿ ನನ್ನಿಂದ ಆಗಿದ್ದು ಅಷ್ಟೇ.

ಐದು ಹೊಲಿಗೆ ಬಿತ್ತು. ಅಪ್ಪ ಈಗ ಆರಾಮಾಗಿದ್ದಾರೆ. ನಾನು ಆರಾಮಾಗಿಲ್ಲ. ಆಫೀಸಿನಲ್ಲಿ ಹನ್ನೊಂದು ಜನರ ತಂಡ ನೋಡಿಕೊಳ್ಳುತ್ತೇನೆ. ತಿಂಗಳ ಕೊನೆಯ ಲೆಕ್ಕ ತಾಳೆಯಾಗದೆ ಎಲ್ಲರೂ ಗಾಬರಿಯಾದರೂ ನನ್ನ ಕೈ ನಡುಗುವುದಿಲ್ಲ. ಅಂಥವಳು ಸ್ವಂತ ಅಪ್ಪ ಬಿದ್ದಾಗ ಯಾಕೆ ಹಾಗಾದೆ? ತಮ್ಮನಿಗೆ ಹುಟ್ಟಿನಿಂದಲೇ ಧೈರ್ಯ ಜಾಸ್ತಿಯಾ? ಸಮಾಧಾನದ ಮಾತು ಬೇಡ. ಒಳಗೆ ಏನಾಗುತ್ತದೆ ಎಂದು ತಿಳಿದವರು ಹೇಳಿ.

ರಾತ್ರಿಪಾಳಿ:
ನಾನು ತುರ್ತು ವಾರ್ಡಿನಲ್ಲಿ ಹದಿನಾಲ್ಕು ವರ್ಷದಿಂದ ನರ್ಸ್. ನಿಮ್ಮ ಹಾಗೆ ನಿಂತುಬಿಟ್ಟವರನ್ನು ವಾರವಾರವೂ ನೋಡುತ್ತೇನೆ. ತಂದೆಯ ವಯಸ್ಸು ಕೇಳಿದರೆ ಬಾಯಿ ತೆರೆದು ಸುಮ್ಮನಾಗುತ್ತಾರೆ. ಫಾರಂನಲ್ಲಿ ರೋಗಿಯ ಹೆಸರಿನ ಜಾಗದಲ್ಲಿ ತಮ್ಮ ಹೆಸರು ಬರೆಯುತ್ತಾರೆ. ಅವರಲ್ಲಿ ಯಾರಿಗೂ ಪ್ರೀತಿ ಕಡಿಮೆ ಇರುವುದಿಲ್ಲ.

ಮೊದಲ ವರ್ಷ ನನಗೂ ಹೀಗೇ ಆಗಿತ್ತು. ಒಬ್ಬರ ಹೃದಯ ನಿಂತಿತ್ತು. ಎಲ್ಲ ಓದಿಕೊಂಡಿದ್ದೆ, ಕಾಲು ಮಾತ್ರ ಕದಲಲಿಲ್ಲ. ಹಿರಿಯ ನರ್ಸ್ ಬೈಯಲಿಲ್ಲ. "ಗಡಿಯಾರ ನೋಡು, ಎರಡು ನಿಮಿಷ ಆದಾಗ ಕೂಗು" ಅಂದರು. ಎದೆ ಒತ್ತುವವರು ಸುಮಾರು ಎರಡು ನಿಮಿಷಕ್ಕೊಮ್ಮೆ ಬದಲಾಗಬೇಕು, ಇಲ್ಲದಿದ್ದರೆ ಕೈ ಸೋತು ಒತ್ತಡ ಸಾಲದು. ಹಾಗಾಗಿ ಅದು ನಿಜವಾದ ಕೆಲಸವೇ. ಎರಡು ಸಲ ಕೂಗುವ ಹೊತ್ತಿಗೆ ನನ್ನ ಕೈಕಾಲು ನನ್ನ ಮಾತು ಕೇಳತೊಡಗಿದವು. ನಿಮ್ಮ ತಮ್ಮ "ಬಾಗಿಲು ತೆಗೆದಿಡು" ಅಂದಿದ್ದೂ ಇಂಥದ್ದೇ. ನೀವು ಹೋಗಿ ತೆಗೆದಿರಿ, ಅಲ್ವಾ?

ಒಂದು ಕೇಳಲಾ? ನಿಮ್ಮ ತಮ್ಮ ಎಲ್ಲಾದರೂ ಪ್ರಥಮ ಚಿಕಿತ್ಸೆ ಕಲಿತಿದ್ದಾರಾ? ಟವೆಲ್ ಮಡಚಿ ಒತ್ತಿ ಹಿಡಿಯುವುದು ಕಲಿತ ಕೈಯ ಕೆಲಸದಂತೆ ಕಾಣುತ್ತದೆ.

ಮೇಷ್ಟ್ರು:
ಮನಶ್ಶಾಸ್ತ್ರ ಕಲಿಸುತ್ತೇನೆ. ಅಪಾಯ ಕಂಡಾಗ ದೇಹ ಹೋರಾಡಲು ಇಲ್ಲವೇ ಓಡಲು ಸಜ್ಜಾಗುತ್ತದೆ ಎಂದು ಅಮೆರಿಕದ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ 1915ರಲ್ಲೇ ಬರೆದಿದ್ದರು. ಗಾಬರಿ ಮಿತಿ ಮೀರಿದಾಗ ನಾರ್‌ಅಡ್ರಿನಲಿನ್‌ನಂಥ ರಾಸಾಯನಿಕಗಳು ಹಣೆಯ ಹಿಂದಿರುವ ಮೆದುಳಿನ ಭಾಗವನ್ನು ಮಂಕಾಗಿಸುತ್ತವೆ. ಯೋಚಿಸಿ ಹೆಜ್ಜೆ ಇಡುವುದು, ಬೇಕಾದ್ದನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳುವುದು ಆ ಭಾಗದ ಕೆಲಸ. ಮರಗಟ್ಟಿ ನಿಲ್ಲುವುದೂ ದೇಹದ ಹಳೆಯ ಪ್ರತಿಕ್ರಿಯೆಗಳಲ್ಲಿ ಒಂದು.

ಇನ್ನು ಆಫೀಸಿನ ಮಾತು. ಮನಶ್ಶಾಸ್ತ್ರಜ್ಞರಾದ ರಿಚರ್ಡ್ ಲಜಾರಸ್ ಮತ್ತು ಸೂಸನ್ ಫೋಕ್‌ಮನ್ 1984ರ ಪುಸ್ತಕದಲ್ಲಿ ಹೇಳುವುದು ಇದು: ಕಷ್ಟ ಎದುರಾದಾಗ ಮನಸ್ಸು ಎರಡು ಪ್ರಶ್ನೆ ಕೇಳಿಕೊಳ್ಳುತ್ತದೆ. ಇದರಲ್ಲಿ ನಾನು ಏನು ಕಳೆದುಕೊಳ್ಳಬಹುದು? ಇದಕ್ಕೆ ನನ್ನ ಕೈಲಿ ಏನಿದೆ? ಲೆಕ್ಕ ತಾಳೆಯಾಗದಿದ್ದರೆ ಏನು ಮಾಡಬೇಕು ಎಂದು ನಿಮಗೆ ಗೊತ್ತು. ಆ ರಾತ್ರಿ ಅಪ್ಪನನ್ನೇ ಕಳೆದುಕೊಳ್ಳುವ ಭಯ, ಕೈಯಲ್ಲಿ ದಾರಿ ಇರಲಿಲ್ಲ.

ರಾತ್ರಿಪಾಳಿಯವರು ಹೇಳಿದ "ಕಲಿತ ಕೈ" ಸರಿ, ಆದರೆ ಅಭ್ಯಾಸವೇ ಎಲ್ಲ ಅಂತ ನಾನು ಒಪ್ಪುವುದಿಲ್ಲ. ನುರಿತವರೂ ದಣಿದಿದ್ದಾಗ ತಡವರಿಸುತ್ತಾರೆ. ಆ ವಾರ ನೀವು ಎಷ್ಟು ಹೊತ್ತು ಮಲಗುತ್ತಿದ್ದಿರಿ?

ಮಳೆಹನಿ:
ಒಂದು ಸಣ್ಣ ವಿಷಯ. ಲಾಕ್ ತೆಗೆಯದೆಯೇ ಫೋನಿನಿಂದ ತುರ್ತು ಕರೆ ಮಾಡಬಹುದು. ಆ ಬಟನ್ ಎಲ್ಲಿದೆ ಎಂದು ಇವತ್ತೇ ನೋಡಿಟ್ಟುಕೊಳ್ಳಿ.

ಹಿರಿಮಗಳು:
ಎಲ್ಲರಿಗೂ ಉತ್ತರ ಬರೆಯಲು ಎರಡು ದಿನ ಬೇಕಾಯಿತು. ತಮ್ಮನನ್ನು ಕೇಳಿದೆ. ಅವನ ಕಾರ್ಖಾನೆಯಲ್ಲಿ ವರ್ಷಕ್ಕೊಮ್ಮೆ ಪ್ರಥಮ ಚಿಕಿತ್ಸೆಯ ತರಬೇತಿ ಇರುತ್ತದಂತೆ. ಆರು ವರ್ಷದಿಂದ ಹೋಗುತ್ತಿದ್ದಾನೆ, ನನಗೆ ಗೊತ್ತೇ ಇರಲಿಲ್ಲ. ಆಂಬುಲೆನ್ಸಿನಲ್ಲಿ ಕೂತ ಮೇಲೆ ಅವನ ಮೊಣಕಾಲೂ ನಡುಗುತ್ತಿತ್ತಂತೆ.

ಮೇಷ್ಟ್ರೇ, ಅದು ಲೆಕ್ಕ ಮುಗಿಸುವ ವಾರ. ದಿನಕ್ಕೆ ನಾಲ್ಕು ಗಂಟೆ ಮಲಗಿದ್ದರೆ ಹೆಚ್ಚು. ಅದಕ್ಕೂ ಇದಕ್ಕೂ ಸಂಬಂಧ ಇರಬಹುದು ಎಂದು ಹೊಳೆದಿರಲಿಲ್ಲ. ಈಗಲೂ ನಿದ್ದೆ ಸರಿ ಇಲ್ಲ. ಕಣ್ಣು ಮುಚ್ಚಿದರೆ ಬಚ್ಚಲಿನ ನೆಲವೇ ಕಾಣುತ್ತದೆ.

ರಾತ್ರಿಪಾಳಿ:
ಕೊನೆಯ ಸಾಲನ್ನು ಹಗುರವಾಗಿ ತಗೋಬೇಡಿ. ಮೊದಲ ಕೆಲವು ವಾರ ಹೀಗಾಗುವುದು ಸಾಮಾನ್ಯ. ತಿಂಗಳು ದಾಟಿದರೂ ಅದೇ ದೃಶ್ಯ ಬರುತ್ತಿದ್ದರೆ ವೈದ್ಯರ ಹತ್ತಿರ ಹೋಗಿ. ತೀರಾ ಕಷ್ಟವಾದರೆ ಅಲ್ಲಿಯವರೆಗೂ ಕಾಯಬೇಡಿ.

ಹಿರಿಮಗಳು:
ಹೋಗುತ್ತೇನೆ. ನಿನ್ನೆ ಸಂಜೆ ತಮ್ಮ ನೆಲದ ಮೇಲೆ ಮಲಗಿ, "ಅಕ್ಕಾ, ನಾನು ಬಿದ್ದಿದ್ದೀನಿ, ಈಗ ಏನು ಮಾಡ್ತೀಯ?" ಅಂದ. ಟವೆಲ್ ಮಡಚಿ ಅವನ ಹಣೆಗೆ ಒತ್ತಿದೆ. ಅಪ್ಪ ಕುರ್ಚಿಯಲ್ಲಿ ಕೂತು ನೋಡುತ್ತಿದ್ದರು. "ಇನ್ನೂ ಗಟ್ಟಿಯಾಗಿ ಒತ್ತು ಮಗಾ" ಅಂದರು.