ಅಲೋಪೇಶಿಯಾ (ಕೂದಲು ಉದುರುವ ರೋಗ) ಇರುವ ಮಗಳು ಶಾಲೆಗೆ ಹೋಗಲು ಹೆದರುತ್ತಿದ್ದಾಳೆ, ಏನು ಮಾಡಲಿ?

ಪ್ರಶ್ನೆ: ಉಡುಪಿಯ ತಾಯಿ

ನಾಲ್ಕನೆಯ ತರಗತಿಯಲ್ಲಿರುವ ಮಗಳ ತಲೆಯಲ್ಲಿ ನಾಣ್ಯದಗಲ ಕಾಣಿಸಿಕೊಂಡ ಬೋಳು ಈಗ ಅರ್ಧ ತಲೆಗೆ ಹರಡಿದೆ. ರೆಪ್ಪೆಯ ಕೂದಲೂ ಉದುರುತ್ತಿದೆ. ಚರ್ಮರೋಗ ತಜ್ಞರು ಅಲೋಪೇಶಿಯಾ ಏರಿಯೇಟಾ ಎಂದು ಗುರುತಿಸಿ ಸ್ಟೀರಾಯ್ಡ್ ಮುಲಾಮು ಕೊಟ್ಟಿದ್ದಾರೆ. ಶಾಲೆಯ ವ್ಯಾನಿನಲ್ಲಿ ಮಕ್ಕಳು ಅವಳ ಟೋಪಿ ಎಳೆದು 'ಮೊಟ್ಟೆ' ಎಂದು ಕೂಗುತ್ತಾರೆ, ಅಂಟುತ್ತದೆಂದು ಪಕ್ಕದಲ್ಲಿ ಕೂರುವುದಿಲ್ಲ. ಪ್ರತಿ ಬೆಳಿಗ್ಗೆ ಅವಳಿಗೆ ಹೊಟ್ಟೆನೋವು. ಕೂದಲು ಬರುವವರೆಗೆ ಮನೆಯಲ್ಲೇ ಓದಿಸೋಣ ಎನ್ನುತ್ತಾರೆ ಅತ್ತೆ. ಅದು ಸರಿಯೇ?

ಉತ್ತರ: ಸುರತ್ಕಲ್ಲಿನ ಓದುಗ

ಅಕ್ಕಾ, ದಯವಿಟ್ಟು ಶಾಲೆ ಬಿಡಿಸಬೇಡಿ. ನನಗೂ ಬಾಲ್ಯದಿಂದ ಇದೇ ತೊಂದರೆಯಿದೆ. ದೇಹದ ರೋಗನಿರೋಧಕ ವ್ಯವಸ್ಥೆಯೇ ಕೂದಲಿನ ಬುಡದ ಮೇಲೆ ದಾಳಿ ಮಾಡುವುದರಿಂದ ಕೂದಲು ಉದುರುತ್ತದೆ; ಬುಡ ನಾಶವಾಗದ ಕಾರಣ ಮತ್ತೆ ಹುಟ್ಟಬಹುದು, ಹುಟ್ಟಿದ್ದು ಮತ್ತೆ ಉದುರಲೂಬಹುದು. ಯಾವ ವೈದ್ಯರೂ ದಿನಾಂಕ ಹೇಳಲಾರದ ಸಂಗತಿಗೆ ಮಗುವಿನ ಓದನ್ನು ಕಟ್ಟಿಹಾಕುವುದು ಅನ್ಯಾಯ. ರೆಪ್ಪೆಯ ಕೂದಲಿಲ್ಲದ ಕಣ್ಣಿಗೆ ನಮ್ಮ ಕರಾವಳಿಯ ಬೆವರು, ಧೂಳು ನೇರವಾಗಿ ಇಳಿದು ಉರಿಯುತ್ತದೆ, ಬೋಳಾದ ನೆತ್ತಿ ಬಿಸಿಲಿಗೆ ಸುಡುತ್ತದೆ. ತೆಳು ಹತ್ತಿಯ ಟೋಪಿ ಮತ್ತು ಕನ್ನಡಕ ಅವಳಿಗೆ ಅಗತ್ಯದ ವಸ್ತುಗಳು. ಇನ್ನು ಮನಸ್ಸಿನ ಮಾತು: ಮಕ್ಕಳು ಕೂಗಿದ್ದಕ್ಕಿಂತ, ಕೇಳಿಸಿಕೊಂಡ ದೊಡ್ಡವರು ಸುಮ್ಮನಿದ್ದುದೇ ನನ್ನನ್ನು ಹೆಚ್ಚು ಕಾಲ ಕಾಡಿತು.

ಉತ್ತರ: ಮೂಲ್ಕಿಯ ಶಿಕ್ಷಕಿ

ಇದು ಅಂಟುರೋಗವಲ್ಲ ಎಂದು ವೈದ್ಯರಿಂದ ಪತ್ರ ಬರೆಸಿಕೊಂಡು, ಟೋಪಿಗೆ ಅನುಮತಿ ಮತ್ತು ವ್ಯಾನಿನಲ್ಲಿ ಮೇಲ್ವಿಚಾರಣೆ ಕೋರಿ ಮುಖ್ಯೋಪಾಧ್ಯಾಯರಿಗೆ ಲಿಖಿತವಾಗಿ ಮನವಿ ಕೊಡಿ. ಮಕ್ಕಳಿಗೆ ಮಾನಸಿಕ ಕಿರುಕುಳ ಕೊಡುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮು ನಿಷೇಧಿಸುತ್ತದೆ. ಶಾಲೆ ಕಿವಿಗೊಡದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು. ತರಗತಿಯಲ್ಲಿ ಈ ರೋಗದ ಬಗ್ಗೆ ತಿಳಿಸುವುದು ಒಳ್ಳೆಯದೇ, ಆದರೆ ಮಗಳು ಒಪ್ಪಿದರೆ ಮಾತ್ರ. ಅವಳನ್ನು ಎದ್ದು ನಿಲ್ಲಿಸಿ ತೋರಿಸುವ ವಿವರಣೆ ಇನ್ನೊಂದು ಅವಮಾನ. ಹೊಟ್ಟೆನೋವನ್ನು ನೆಪವೆಂದು ತಳ್ಳಿಹಾಕಬೇಡಿ, ಭಯವೂ ಮಕ್ಕಳಲ್ಲಿ ಹಾಗೆ ಕಾಣಿಸಿಕೊಳ್ಳುತ್ತದೆ. ಮಕ್ಕಳ ಆಪ್ತಸಮಾಲೋಚಕರನ್ನು ಈಗಲೇ ಕಾಣಿರಿ.

ಉತ್ತರ: ಮಂಗಳೂರಿನ ತಂದೆ

ಬಂಧುಗಳು ಹೇಳುವ ಬೆಳ್ಳುಳ್ಳಿ, ಈರುಳ್ಳಿ ರಸವನ್ನು ತಿಕ್ಕಬೇಡಿ, ಎಳೆಯ ಚರ್ಮ ಸುಟ್ಟೀತು. ಈ ರೋಗಕ್ಕೆ ಕೊಡುವ ರಿಟ್ಲೆಸಿಟಿನಿಬ್ ಎಂಬ ಮಾತ್ರೆಗೆ ಅಮೆರಿಕದಲ್ಲಿ 2023ರಲ್ಲಿ ಒಪ್ಪಿಗೆ ದೊರೆತದ್ದು 12 ವರ್ಷ ತುಂಬಿದವರಿಗೆ ಮಾತ್ರ. ಆದ್ದರಿಂದ ಜಾಹೀರಾತು ನೋಡಿ ಔಷಧ ತರಿಸದೆ, ಮಗಳ ವಯಸ್ಸಿಗೆ ಯಾವುದು ಹೊಂದುತ್ತದೆಂದು ನಿಮ್ಮ ವೈದ್ಯರನ್ನೇ ಕೇಳಿ.